ಅತ್ತಿ ಮರದ ಮೇಲೆ ಆದ ಇನ್ಶೂರೆನ್ಸ್

ಕೊಡಗು ಮೈಸೂರು ರಾಜ್ಯಕ್ಕೆ ಸೇರಿ ಎರಡು ವರ್ಷ ಕಳೆದಿತ್ತು. ನನಗೆ ಆಗ ಇಪ್ಪತ್ತೊಂದು. ಶನಿವಾರಸಂತೆಯಿಂದ ನಾಲ್ಕು ಮೈಲಿ ದೂರದ ಒಂದು ಕಾಫಿ ಎಸ್ಟೇಟಿನಲ್ಲಿ ರೈಟರ್ ಕೆಲಸ ಸಿಕ್ಕಿ ಎಂಟು ತಿಂಗಳಾಗಿತ್ತು. ರೈಟರ್ ಎಂದರೆ ಕಥೆ ಬರೆಯುವವನಲ್ಲ. ಬೆಳಿಗ್ಗೆ ಆಳುಗಳ ಹಾಜರಿ ಹಿಡಿಯುವುದು, ಯಾರು ಯಾವ ಕೆಲಸಕ್ಕೆ ಹೋದರು ಎಂದು ಪುಸ್ತಕದಲ್ಲಿ ಬರೆಯುವುದು, ಧಣಿ ಬೈದರೆ ತಲೆ ತಗ್ಗಿಸುವುದು, ಇಷ್ಟೇ ನನ್ನ ಉದ್ಯೋಗ.

ನಮ್ಮದು ಕುಶಾಲನಗರದ ಹತ್ತಿರದ ಒಂದು ಸಣ್ಣ ಒಕ್ಕಲು ಮನೆ. ಅಪ್ಪ ತೀರಿಕೊಂಡಿದ್ದರು. ಅವ್ವನೂ ಇಬ್ಬರು ತಂಗಿಯರೂ ನಾನು ಕಳಿಸುವ ಸಂಬಳದ ದಾರಿ ನೋಡುತ್ತಿದ್ದರು. ಹಾಗಾಗಿ ಧಣಿಗಳು ಏನೇ ಹೇಳಲಿ, “ಆಗ್ಲಿ ಗೌಡ್ರೇ” ಎಂಬ ಎರಡು ಮಾತು ಬಿಟ್ಟರೆ ಮೂರನೆಯದು ನನ್ನ ಬಾಯಿಂದ ಹೊರಡುತ್ತಿರಲಿಲ್ಲ.

ಧಣಿ ಧರ್ಮಪ್ಪಗೌಡರು ಕೆಟ್ಟವರೇನಲ್ಲ. ಮನೆಗೆ ಬಂದವರಿಗೆ ಊಟ ಹಾಕದೆ ಕಳಿಸಿದವರಲ್ಲ. ಆದರೆ ದುಡ್ಡು ಬಿಚ್ಚುವಾಗ ಮಾತ್ರ ಅವರ ಕೈ ಭಾರಿ ಬಿಗಿ. ಹರಿದ ಕೊಡೆಗೆ ಹನ್ನೆರಡು ತೇಪೆ ಹಾಕಿಸಿದ್ದರು. ಅವರು ಮನಸ್ಸು ಬಿಚ್ಚಿ ಖರ್ಚು ಮಾಡುತ್ತಿದ್ದುದು ಒಂದೇ ವಸ್ತುವಿಗೆ, ಅದು ಅವರ ಜೀಪು. ದಿನಾ ಬೆಳಿಗ್ಗೆ ತಾವೇ ನಿಂತು ಅದನ್ನು ತೊಳೆಸುತ್ತಿದ್ದರು.

ಕೆಲಸ ಮಾಡುವಾಗ ಆಳಿಗೆ ಏಟಾದರೆ ಧಣಿಯೇ ಪರಿಹಾರ ಕೊಡಬೇಕೆಂಬ ಕಾನೂನು ಬ್ರಿಟಿಷರ ಕಾಲದಿಂದಲೂ ಇತ್ತು. ಆ ಹೊರೆ ತಮ್ಮ ತಲೆಗೆ ಬರದಿರಲೆಂದು ಎಸ್ಟೇಟಿನವರು ಇನ್ಶೂರೆನ್ಸ್ ಮಾಡಿಸುತ್ತಿದ್ದರು. ವರ್ಷಕ್ಕೊಮ್ಮೆ ಕಂಪನಿಯಿಂದ ಫಾರಂ ಬರುತ್ತಿತ್ತು. ಯಾವ ಕೆಲಸಕ್ಕೆ ಎಷ್ಟು ಆಳು, ಅವರ ಕೂಲಿ ಎಷ್ಟು ಎಂದು ಬರೆದರೆ ಅದರ ಮೇಲೆ ಪ್ರೀಮಿಯಂ ಗೊತ್ತು ಮಾಡುತ್ತಿದ್ದರು. ಕಳೆ ತೆಗೆಯುವವರಿಗೆ, ಹಣ್ಣು ಕುಯ್ಯುವವರಿಗೆ ಒಂದು ದರ. ಮರ ಹತ್ತುವವರಿಗೆ ಅದರ ಎಷ್ಟೋ ಪಟ್ಟು.

ಮರ ಹತ್ತದೆ ಕಾಫಿ ತೋಟ ನಡೆಯುವುದಿಲ್ಲ. ಕಾಫಿ ಗಿಡಕ್ಕೆ ನೆರಳು ಬೇಕು, ಆದರೆ ಹೆಚ್ಚಾಗಬಾರದು. ಮಳೆಗಾಲಕ್ಕೆ ಮುಂಚೆ ದೊಡ್ಡ ಮರಗಳ ಕೊಂಬೆ ಸವರಿ ಗಿಡಕ್ಕೆ ಬೆಳಕು ಬಿಡಬೇಕು. ಇದಕ್ಕೆ ಮರಗಸಿ ಎನ್ನುತ್ತೇವೆ. ಸೊಂಟಕ್ಕೆ ಕತ್ತಿ ಸಿಕ್ಕಿಸಿಕೊಂಡು, ಬಿದಿರೇಣಿ ಇಟ್ಟು ಹತ್ತಿ, ಐವತ್ತು ಅರವತ್ತು ಅಡಿ ಮೇಲೆ ಬರಿಗಾಲಲ್ಲಿ ಕೊಂಬೆಯಿಂದ ಕೊಂಬೆಗೆ ನಡೆಯುವ ಕೆಲಸ. ನಮ್ಮ ಎಸ್ಟೇಟಿನಲ್ಲಿ ಅದನ್ನು ಬಲ್ಲವರು ಆರು ಜನ. ಅವರಲ್ಲಿ ಹಿರಿಯ ಐತಪ್ಪ, ಪುತ್ತೂರಿನ ಕಡೆಯಿಂದ ಬಂದು ಇಪ್ಪತ್ತು ವರ್ಷದಿಂದ ಕೊಡಗಿನ ತೋಟಗಳಲ್ಲಿ ಮರ ಹತ್ತುತ್ತಿದ್ದ. ನಾವೆಲ್ಲ ಅವನನ್ನು ಐತಣ್ಣ ಎನ್ನುತ್ತಿದ್ದೆವು. ಲೈನಿನಲ್ಲಿ, ಅಂದರೆ ಆಳುಗಳ ಸಾಲುಮನೆಯಲ್ಲಿ, ಅವನ ಹೆಂಡತಿ ಕಮಲಕ್ಕ, ಮೂರು ಹೆಣ್ಣುಮಕ್ಕಳು ಇದ್ದರು.

ಆ ವರ್ಷ ಫಾರಂ ಬಂದಾಗ ಗೌಡರು ಮರ ಹತ್ತುವವರ ದರದ ಮೇಲೆ ಬೆರಳಿಟ್ಟು ನನ್ನ ಮೇಲೆ ರೇಗಿದರು, ದರ ಇಟ್ಟವನು ನಾನೇ ಎಂಬ ಹಾಗೆ.

“ಏನಯ್ಯಾ ಇದು? ಮರ ನಮ್ದು, ಹತ್ತೋನು ನಮ್ಮೋನು. ಇವನ್ಯಾವನೋ ಮೈಸೂರ್ನಲ್ಲಿ ಕುಂತ್ಕಂಡು ದುಡ್ಡು ಕೇಳ್ತನಲ್ಲ! ಈ ಆರು ಜನನ್ನೂ ನರ್ಸರಿ ಆಳು ಅಂತ ಬರಿ.”

“ಗೌಡ್ರೇ, ಅವ್ರು ಮರಗಸಿಯೋರು...”

“ವರ್ಷದಲ್ಲಿ ಎರಡು ತಿಂಗ್ಳು ತಾನೇ ಮರ ಹತ್ತದು? ಮಿಕ್ಕ ಹತ್ತು ತಿಂಗ್ಳು ನೆಲದ ಮ್ಯಾಲೇ ಇರ್ತರಲ್ಲ. ಬರಿ ಅಂದ್ರೆ ಬರಿ.”

“ಆಗ್ಲಿ ಗೌಡ್ರೇ” ಎಂದೆ. ಆರು ಜನ ಮರಗಸಿಯವರು ನನ್ನ ಪೆನ್ನಿನ ತುದಿಯಲ್ಲಿ ಸಸಿಗೆ ನೀರು ಹಾಕುವವರಾಗಿಬಿಟ್ಟರು. ಅವರಿಗೆ ಇದರ ಗಂಧಗಾಳಿಯೂ ಇರಲಿಲ್ಲ.

ಕಂಪನಿಯವರೇನು ದಡ್ಡರೇ? ಅರವತ್ತು ಎಕರೆ ತೋಟದಲ್ಲಿ ಮರ ಹತ್ತುವವನು ಒಬ್ಬನೂ ಇಲ್ಲವೆಂದರೆ ಯಾರಿಗಾದರೂ ಅನುಮಾನ ಬರುತ್ತದೆ. ಹದಿನೈದು ದಿನದಲ್ಲಿ ಕಾಗದ ಬಂತು, ಇನ್‌ಸ್ಪೆಕ್ಟರ್ ಖುದ್ದಾಗಿ ತೋಟ ನೋಡಲು ಬರುತ್ತಾರೆ ಎಂದು. ಏಪ್ರಿಲ್ ತಿಂಗಳು, ಮರಗಸಿ ಜೋರಾಗಿ ನಡೆಯುತ್ತಿದ್ದ ಸಮಯ. ಗೌಡರು ನನ್ನನ್ನು ಕರೆದು, “ಆ ದಿನ ಆರು ಜನನ್ನೂ ನರ್ಸರಿಗೆ ಹಾಕು. ಮರದ ಮ್ಯಾಲೆ ಕಾಗೆ ಬಿಟ್ರೆ ಬೇರೆ ಯಾರೂ ಕಾಣಬಾರ್ದು” ಎಂದರು.

ಇನ್‌ಸ್ಪೆಕ್ಟರ್ ಬಂದ ದಿನ ಬೆಳಿಗ್ಗೆ ಹಾಜರಿಯಲ್ಲಿ ನಾನು ಆರು ಜನರನ್ನೂ ನರ್ಸರಿಗೆ ಕಳಿಸಿದೆ. ಯಾಕೆಂದು ಐತಣ್ಣ ಕೇಳಲಿಲ್ಲ, ನಾನೂ ಹೇಳಲಿಲ್ಲ.

ಇನ್‌ಸ್ಪೆಕ್ಟರ್ ನಂಜುಂಡಯ್ಯನವರು ದುಂಡನೆಯ ಮನುಷ್ಯ. ಕೊಡಗೆಂದರೆ ಜಿಗಣೆ ಎಂದು ಯಾರೋ ಹೆದರಿಸಿದ್ದರೇನೋ, ಆ ಸುಡುಬಿಸಿಲಲ್ಲೂ ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಅದರ ಮೇಲೆ ದಾರ ಬಿಗಿದುಕೊಂಡಿದ್ದರು. ತಲೆಗೆ ದೊಡ್ಡ ಹ್ಯಾಟು. ಗೌಡರು ಅವರಿಗೆ ಕೈಮುಗಿದು, ಮಧ್ಯಾಹ್ನಕ್ಕೆ ನಾಟಿಕೋಳಿ ಮಾಡಿಸುತ್ತೇನೆಂದು ಮನೆಗೆ ಹೋದರು. ತೋಟ ತೋರಿಸುವ ಪಾಡು ನನ್ನ ಪಾಲಿಗೆ ಬಂತು.

ಕಣ ನೋಡಿದರು, ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಮನೆ ನೋಡಿದರು, ನರ್ಸರಿಗೆ ಬಂದೆವು. ಸಸಿ ಕೆಲಸ ಗೊತ್ತಿಲ್ಲದ ಆ ದೊಡ್ಡ ದೊಡ್ಡ ಗಂಡಸರು ಬೆಳಗಿನಿಂದ ನೀರು ಹುಯ್ದು ಹುಯ್ದು ಸಸಿಮಡಿಯನ್ನು ಗದ್ದೆ ಮಾಡಿಟ್ಟಿದ್ದರು. ನಾನು ಕಣ್ಣಲ್ಲೇ ಎಣಿಸಿದೆ. ಐದೇ ಜನ! ಒಬ್ಬನ ಹತ್ತಿರ ಹೋಗಿ ಮೆಲ್ಲಗೆ, “ಐತಣ್ಣ ಎಲ್ಲಿ?” ಎಂದೆ.

“ನಿನ್ನೆ ಅತ್ತಿ ಮರದ ಕೊಂಬೆ ಅರ್ಧ ಕಡ್ದು ಬಿಟ್ಟಿತ್ತು. ಅದು ನೇತಾಡ್ತಾ ಇದೆ, ಇವತ್ತು ಹೆಂಗಸ್ರು ಅಲ್ಲಿಗೇ ಕಳೆ ತೆಗೆಯೋಕೆ ಬರ್ತಾರೆ, ಯಾರ ತಲೆ ಮೇಲಾದ್ರೂ ಬಿದ್ದಾತು ಅಂತ ಹೋದ” ಎಂದ ಅವನು.

ಅದು ಮರಗಸಿಯವರ ಕಟ್ಟುಪಾಡು. ಕತ್ತಿ ಹಾಕಿದ ಕೊಂಬೆಯನ್ನು ಪೂರ್ತಿ ಇಳಿಸದೆ ಬೇರೆ ಕೆಲಸಕ್ಕೆ ಕೈ ಹಾಕುವುದಿಲ್ಲ. ಹಾಜರಿಯಲ್ಲಿ ನಾನು ಇದನ್ನು ಯೋಚಿಸಿರಲೇ ಇಲ್ಲ. ಅಷ್ಟರಲ್ಲಿ ಇನ್‌ಸ್ಪೆಕ್ಟರು ಸರಿಯಾಗಿ ಅತ್ತಿ ಮರದ ಕಡೆಗೇ ಹೆಜ್ಜೆ ಹಾಕಿದ್ದರು.

“ಸಾರ್, ಆ ಕಡೆ ನೋಡೋದೇನೂ ಇಲ್ಲ. ದಾರಿನೂ ಸರಿ ಇಲ್ಲ.”

“ಇರ್ಲಿ ಬನ್ರೀ. ಬಂದಿದ್ದೇ ನೋಡೋಕೆ.”

ನಾನು ಬಾಯಿಗೆ ಬಂದ ದೇವರನ್ನೆಲ್ಲ ನೆನೆಯುತ್ತ ಅವರ ಹಿಂದೆ ಹೋದೆ. ಯಾವ ದೇವರು ಕೇಳಿಸಿಕೊಂಡನೋ ಕಾಣೆ, ಕಳಿಸಿದ್ದು ಮಾತ್ರ ಕಾಡುಹಂದಿಯನ್ನು. ಅತ್ತಿ ಹಣ್ಣು ಉದುರುವ ಕಾಲ. ಮರಿ ಹಾಕಿದ್ದ ಒಂದು ಹೆಣ್ಣು ಹಂದಿ ಆರೇಳು ಮರಿಗಳ ಜೊತೆ ಗಿಡದ ಸಾಲಿನೊಳಗಿಂದ ಹಣ್ಣು ತಿನ್ನಲು ಬಂದಿತ್ತು. ನಾವು ಗೊತ್ತಿಲ್ಲದೆ ತಾಯಿಗೂ ಮರಿಗೂ ನಡುವೆ ಹೋಗಿ ನಿಂತೆವು. ಹಂದಿ ಒಂದು ಸಲ ಗುಟುರು ಹಾಕಿತು.

“ಏಣಿ! ಏಣಿ ಹತ್ತಿ ಮಾರಾಯ್ರೇ!” ಎಂದು ಮೇಲಿಂದ ಒಂದು ಕೂಗು ಬಂತು.

ಮರಕ್ಕೆ ಏಣಿ ಒರಗಿಸಿದ್ದುದು ಕಾಣಿಸಿತು. ನಂಜುಂಡಯ್ಯನವರ ಮೈಯಲ್ಲಿ ಅಂಥ ಓಟ ಇದೆಯೆಂದು ಅವರಿಗೇ ಗೊತ್ತಿರಲಿಕ್ಕಿಲ್ಲ. ಅವರು ಮುಂದೆ, ನಾನು ಹಿಂದೆ. ಅರ್ಧ ಏಣಿಯಲ್ಲಿ ಅವರು ನಿಂತುಬಿಟ್ಟರು. ಕೆಳಗೆ ಹಂದಿ, ಮೇಲೆ ಇವರ ಭಾರ, ನಡುವೆ ನಾನು. ಗೌರವ ಗಿರವ ಎಲ್ಲ ಮರೆತು ಭುಜ ಕೊಟ್ಟು ನೂಕಿದೆ. ಮೇಲಿಂದ ಐತಣ್ಣ ಅವರ ಎರಡೂ ರಟ್ಟೆ ಹಿಡಿದು ಅಕ್ಕಿ ಮೂಟೆಯಂತೆ ಎಳೆದುಕೊಂಡ. ನಾನು ಕೊಂಬೆಗೆ ಕೈ ಹಾಕುವಷ್ಟರಲ್ಲಿ ಹಂದಿ ಏಣಿಗೆ ಗುದ್ದಿ ಬೀಳಿಸಿತು. ನಂಜುಂಡಯ್ಯನವರ ತಲೆಯಿಂದ ಬಿದ್ದ ಹ್ಯಾಟನ್ನು ಒಂದು ಮರಿ ಮೂತಿಯಲ್ಲಿ ದೂಡಿಕೊಂಡು ಆಡತೊಡಗಿತು.

ಐತಣ್ಣ ನಮ್ಮಿಬ್ಬರನ್ನೂ ಒಂದು ದಪ್ಪ ಕವಲಿನಲ್ಲಿ ಕೂರಿಸಿದ. ತನ್ನ ಹಗ್ಗವನ್ನು ಇನ್‌ಸ್ಪೆಕ್ಟರರ ಹೊಟ್ಟೆಗೆ ಒಂದು ಸುತ್ತು ಹಾಕಿ ಮರಕ್ಕೆ ಬಿಗಿದ. “ಇನ್ನು ಹೆದರ್ಬೇಡಿ. ಬೇಕಾದ್ರೆ ಒಂದು ನಿದ್ದೆ ತೆಗೀರಿ” ಎಂದ. ಆಮೇಲೆ ದೂರದಲ್ಲಿ ಕಳೆಗೆ ಬರುತ್ತಿದ್ದ ಹೆಂಗಸರಿಗೆ ಕೂಗು ಹಾಕಿ, “ಇತ್ಲಾಗೆ ಬರ್ಬೇಡಿ, ಹಂದಿ ಉಂಟು! ಧಣಿಗಳಿಗೆ ಹೇಳಿ!” ಎಂದ. ಅವರು ಬಂದ ದಾರಿಯಲ್ಲೇ ಓಡಿದರು.

ಗೌಡರ ಮನೆ ಅಲ್ಲಿಂದ ಒಂದು ಮೈಲಿ. ಸುದ್ದಿ ಮುಟ್ಟಿ ಅವರು ಬರುವವರೆಗೆ ನಾವು ಮೂವರೂ ಮರದ ಮೇಲೆ, ಹಂದಿ ಸಂಸಾರ ಕೆಳಗೆ. ಉಸಿರು ತಹಬದಿಗೆ ಬಂದ ಮೇಲೆ ನಂಜುಂಡಯ್ಯನವರು ಐತಣ್ಣನ ಕೈ ಹಿಡಿದುಕೊಂಡು, “ಪ್ರಾಣ ಉಳಿಸಿದೆಯಲ್ಲಪ್ಪಾ. ನೀನಿಲ್ಲಿ ಏನ್ ಕೆಲಸ ಮಾಡ್ತೀಯ?” ಎಂದು ಕೇಳಿದರು.

ಐತಣ್ಣ ಉತ್ತರ ಹೇಳಲು ಬಾಯಿ ತೆರೆದವನು ನನ್ನ ಮುಖ ನೋಡಿದ. ನನ್ನ ಮುಖದಲ್ಲಿ ರಕ್ತವೇ ಇರಲಿಲ್ಲವೆಂದು ಕಾಣುತ್ತದೆ. ಅವನು ತೆರೆದ ಬಾಯಿ ಮುಚ್ಚಿ, ಮತ್ತೆ ತೆರೆದು ಹೇಳಿದ, “ನಾನು ನರ್ಸರಿಯವ ಸ್ವಾಮಿ. ಗಿಡಕ್ಕೆ ನೀರು ಹಾಕುವವ.”

“ಮತ್ತೆ ಮರದ ಮೇಲೆ?”

“ಹಂದಿಗೆ ಹೆದರಿ ಹತ್ತಿದ್ದು. ನಿಮ್ಮ ಹಾಗೇ.”

“ನೀರು ಹಾಕೋಕೆ ಸೊಂಟದಲ್ಲಿ ಕತ್ತಿ ಯಾಕಪ್ಪಾ?”

“ಅದು... ಊಟಕ್ಕೆ ಬಾಳೆಎಲೆ ಕೊಯ್ಲಿಕ್ಕೆ.”

“ಏಣಿ?”

“ಏಣಿ ಮೊದ್ಲೇ ಇತ್ತು. ಮರದವರು ಯಾರೋ ಇಟ್ಟದ್ದಾಗಿರಬೇಕು.”

“ಈ ಎಸ್ಟೇಟಲ್ಲಿ ಮರದವರೇ ಇಲ್ವಂತಲ್ಲಪ್ಪಾ. ಫಾರಂನಲ್ಲಿ ಬರೆದಿದ್ದಾರೆ.”

ಐತಣ್ಣ ತಬ್ಬಿಬ್ಬಾದ. “ಹೌದಾ? ನನಗೆ ಗೊತ್ತೇ ಇರ್ಲಿಲ್ಲ” ಎಂದ.

ನಾನು ಸುಮ್ಮನಿದ್ದಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು. ಇನ್‌ಸ್ಪೆಕ್ಟರಿಗೆ ಅನುಮಾನವಿದ್ದರೂ ಐತಣ್ಣನ ಬಾಯಿಂದಲೇ ಬಂದ ಮಾತಿನ ಮೇಲೆ ಏನು ಮಾಡಲಾಗುತ್ತಿತ್ತು? ಆದರೆ ಇಪ್ಪತ್ತು ವರ್ಷ ಮರ ಹತ್ತಿದ ಮನುಷ್ಯ ನನ್ನೆದುರಿಗೇ ತಾನು ಮರದವನಲ್ಲ ಎನ್ನುತ್ತಿದ್ದ. ಫಾರಂನಲ್ಲಿ ನಾನು ಅವನಿಗೆ ಏನು ಮಾಡಿದ್ದೇನೆಂದು ಅವನಿಗೆ ಗೊತ್ತಿರಲಿಲ್ಲ. ನಾನು ಯಾವುದೋ ತೊಂದರೆಯಲ್ಲಿದ್ದೇನೆ ಎಂಬುದು ಮಾತ್ರ ಗೊತ್ತಿತ್ತು. ನನಗೆ ನಾಚಿಕೆಯಾಯಿತು. ಅವ್ವನ ಮುಖ, ತಂಗಿಯರ ಮುಖ ಕಣ್ಣ ಮುಂದೆ ಬಂದರೂ ಬಾಯಿ ತಡೆಯಲಿಲ್ಲ.

“ಸಾರ್, ಐತಣ್ಣ ಸುಳ್ಳು ಹೇಳ್ತಿದ್ದಾರೆ. ಅವ್ರು ಮರಗಸಿಯೋರು. ನರ್ಸರಿಲಿ ನೀವು ನೋಡಿದ ಐದು ಜನಾನೂ ಮರಗಸಿಯೋರೇ. ಫಾರಂ ಬರೆದೋನು ನಾನು.”

ಗೌಡರು ಹೇಳಿಸಿ ಬರೆಸಿದರು ಎಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಈಗ ಬೈಯುತ್ತಾರೆ ಎಂದು ನಾನು ಕಾಯುತ್ತಿದ್ದಾಗ ನಂಜುಂಡಯ್ಯನವರ ಹೊಟ್ಟೆ ಮೆಲ್ಲಗೆ ಅಲುಗತೊಡಗಿತು. ಮನುಷ್ಯ ನಗುತ್ತಿದ್ದಾರೆ! ನಕ್ಕ ರಭಸಕ್ಕೆ ಕೊಂಬೆ ಅಲುಗಿ ನಾಲ್ಕು ಹಣ್ಣು ಉದುರಿದವು. ಹಂದಿಗೆ ಇನ್ನೂ ಅನುಕೂಲವಾಯಿತು.

“ಏನ್ರೀ ರೈಟರೇ, ನರ್ಸರಿ ಗಿಡ ಎಷ್ಟು ಎತ್ತರ ಇರುತ್ತೆ?”

“ಒಂದು ಗೇಣು, ಒಂದೂವರೆ ಗೇಣು ಸಾರ್.”

“ನಾಳೆ ಇವನು ಮರದಿಂದ ಬಿದ್ದು ಕಾಲು ಮುರ್ಕೊಂಡ್ರೆ ನಮ್ಮ ಕಂಪನಿಗೆ ಏನಂತ ಬರೀತಿದ್ರಿ? ಒಂದೂವರೆ ಗೇಣಿನ ಗಿಡದಿಂದ ಬಿದ್ದ ಅಂತಲೋ?”

ಅವರು ನಗು ನಿಲ್ಲಿಸಿ ನಿಧಾನವಾಗಿ ಹೇಳಿದರು. ತಪ್ಪು ಬರೆದರೆ ಕಂಪನಿ ಹಣ ಕೊಡುವುದಿಲ್ಲ. ಕಾನೂನಿನ ಪ್ರಕಾರ ಧಣಿ ಕೊಡಬೇಕು. ಕೊಡದಿದ್ದರೆ ಸರ್ಕಾರಿ ಕಚೇರಿಗೆ ಅರ್ಜಿ ಹಾಕಬೇಕು. ಆದರೆ ಲೈನಿನಲ್ಲಿರುವ ಆಳಿಗೆ ಆ ಕಚೇರಿಯ ದಾರಿ ತೋರಿಸುವವರು ಯಾರು?

ಐತಣ್ಣ ಕಣ್ಣರಳಿಸಿ ಕೇಳುತ್ತಿದ್ದ. “ಅಂದ್ರೆ ಬಿದ್ರೆ ದುಡ್ಡು ಬರ್ತದಾ ಸ್ವಾಮಿ?”

“ಸರಿಯಾಗಿ ಬರೆದಿದ್ರೆ ಬರುತ್ತೆ.”

“ಛೆ! ಇಪ್ಪತ್ತು ವರ್ಷ ಸುಮ್ನೆ ಹುಷಾರಾಗಿದ್ದೆನಲ್ಲ!”

ಮೂವರೂ ನಕ್ಕೆವು. ನಗು ನಿಂತ ಮೇಲೆ ಅವನು ಕೆಳಗೆ ನೋಡುತ್ತ, “ನಮ್ಮಣ್ಣ ಬೇರೆ ತೋಟದಲ್ಲಿ ಬಿದ್ದಿದ್ದ. ಅರ್ಧ ಮೂಟೆ ಅಕ್ಕಿ ಕೊಟ್ಟು ಊರಿನ ಬಸ್ಸು ಹತ್ತಿಸಿದ್ರು” ಎಂದ.

ಅಷ್ಟರಲ್ಲಿ ತಗಡಿನ ಡಬ್ಬ ಬಡಿಯುವ ಸದ್ದು, ಹೋ ಎನ್ನುವ ಕೂಗು ಕೇಳಿಸಿತು. ಗೌಡರು ಕೋವಿ ಹಿಡಿದು ಹತ್ತಾರು ಆಳುಗಳ ಜೊತೆ ಬಂದರು. ಆ ಗಲಾಟೆಗೆ ಹಂದಿ ಮರಿಗಳನ್ನು ಕರೆದುಕೊಂಡು ಹಳ್ಳದ ಕಡೆ ಇಳಿದು ಹೋಯಿತು. ಗೌಡರು ಮರದ ಬುಡಕ್ಕೆ ಬಂದು ಕತ್ತೆತ್ತಿ ನೋಡಿದರು. ಇನ್ಶೂರೆನ್ಸ್ ಇನ್‌ಸ್ಪೆಕ್ಟರ್, ತಮ್ಮ ರೈಟರ್, ಯಾರು ಮರದ ಮೇಲೆ ಕಾಣಬಾರದೋ ಅದೇ ಐತಣ್ಣ, ಮೂವರೂ ಸಾಲಾಗಿ ಕುಳಿತಿದ್ದೇವೆ. ಅವರ ಮುಖ ನೋಡುವ ಹಾಗಿತ್ತು.

ನಂಜುಂಡಯ್ಯನವರು ಮೇಲಿಂದಲೇ, “ಗೌಡ್ರೇ, ನಿಮ್ಮ ನರ್ಸರಿ ಭಾರಿ ಎತ್ತರದಲ್ಲಿದೆ!” ಎಂದರು.

ಮನೆಗೆ ಬಂದು ಜಗಲಿಯ ಮೇಲೆ ಕುಳಿತೆವು. ಗೌಡರು ನನ್ನ ಕಡೆ ಬೀರಿದ ನೋಟಕ್ಕೆ, ಸಂಜೆಯೊಳಗೆ ಪೆಟ್ಟಿಗೆ ಕಟ್ಟುವುದೇ ಸರಿ ಎಂದುಕೊಂಡೆ. ಇನ್‌ಸ್ಪೆಕ್ಟರು ಹೊಸ ಫಾರಂ ತೆಗೆದು ಆರು ಜನರಿಗೆ ಎಷ್ಟು ಹೆಚ್ಚಾಗುತ್ತದೆಂದು ಹೇಳಿದರು. ಗೌಡರು ರಾಗ ಎಳೆದರು. “ಅಲ್ಲ ಸ್ವಾಮಿ, ನಮ್ಮ ತೋಟದಲ್ಲಿ ಇವತ್ತಿನ ತಂಕ ಒಬ್ನೂ ಬಿದ್ದಿಲ್ಲ. ಬೀಳದೇ ಇರೋನಿಗೆ ದುಡ್ಡು ಯಾಕೆ ಕಟ್ಟದು?”

ಒಳಗಿನಿಂದ ಗೌಡರ ಹೆಂಡತಿ ಪಾರ್ವತಮ್ಮ ಕಾಫಿ ಲೋಟ ಹಿಡಿದು ಬಂದರು. ಅವರು ಹೊರಗಿನವರೆದುರು ಮಾತಾಡಿದ್ದನ್ನು ನಾನು ಕೇಳಿದ್ದೇ ಇಲ್ಲ. ಲೋಟ ಇಡುತ್ತ, “ಜೀಪಿಗೆ ಕಟ್ಟಿದೀರಲ್ಲ, ಜೀಪೇನು ಮರ ಹತ್ತುತ್ತಾ?” ಎಂದು ಕೇಳಿ ಹಾಗೇ ಒಳಗೆ ಹೋದರು.

ನಂಜುಂಡಯ್ಯನವರ ಮೂಗಿಗೆ ಕಾಫಿ ಏರಿತು. ಅಂಗಳದಲ್ಲಿ ನಿಂತಿದ್ದ ಆಳುಗಳು ಬಾಯಿಗೆ ಟವೆಲು ಒತ್ತಿಕೊಂಡರು. ಗೌಡರು ಸಿಡುಕಲು ನೋಡಿದರು, ಆಗಲಿಲ್ಲ. ತಾವೂ ನಕ್ಕುಬಿಟ್ಟರು. “ಬರ್ಕೊಳ್ಳಿ ಸ್ವಾಮಿ, ಬರ್ಕೊಳ್ಳಿ. ಇಲ್ದಿದ್ರೆ ನಂಗೆ ಇವತ್ತು ಮನೇಲಿ ಊಟ ಹುಟ್ಟಲ್ಲ” ಎಂದರು. ನನ್ನ ಕಡೆ ತಿರುಗಿ, “ನೀನೇ ಓದು ಹೆಸರ್ನ. ತಪ್ಪು ಬರೆದೋನೇ ತಿದ್ದಲಿ” ಎಂದು ಗದರಿಸಿದರು. ಕೆಲಸ ಬಿಡು ಎಂಬ ಮಾತು ಅವರ ಬಾಯಿಂದ ಬರಲೇ ಇಲ್ಲ. ನಾನು ಆರು ಹೆಸರನ್ನೂ ಒಂದೊಂದಾಗಿ ಗಟ್ಟಿಯಾಗಿ ಓದಿದೆ. ಅವತ್ತಿನ ಕೋಳಿ ಸಾರಿನ ರುಚಿ ಆಮೇಲೆ ಎಲ್ಲಿಯೂ ಸಿಕ್ಕಿಲ್ಲ.

ಮುಂದಿನ ವರ್ಷದ ಮರಗಸಿಯಲ್ಲಿ ಐತಣ್ಣ ನಿಜವಾಗಿಯೂ ಬಿದ್ದ. ಹಿಂದಿನ ದಿನ ಮಳೆ ಬಂದು ಹಾಲುವಾಣ ಮರದ ಕೊಂಬೆ ಜಾರುತ್ತಿತ್ತು. ಪುಣ್ಯಕ್ಕೆ ಕಾಫಿ ಗಿಡದ ಮೇಲೆ ಬಿದ್ದದ್ದರಿಂದ ಜೀವಕ್ಕೆ ಅಪಾಯವಾಗಲಿಲ್ಲ, ಬಲಗಾಲು ಮುರಿಯಿತು. ಗೌಡರು ಒಂದು ಮಾತೂ ಆಡದೆ ತಮ್ಮ ಜೀಪಿನ ಹಿಂದಿನ ಸೀಟಿಗೆ ಹುಲ್ಲು ಹಾಸಿ, ತಾವೇ ಓಡಿಸಿಕೊಂಡು ಮಡಿಕೇರಿ ಆಸ್ಪತ್ರೆಗೆ ಸೇರಿಸಿದರು. ಸೀಟಿಗಾದ ರಕ್ತದ ಕಲೆ ಆಮೇಲೆ ಎಷ್ಟು ತೊಳೆಸಿದರೂ ಹೋಗಲಿಲ್ಲ. ಅದರ ಬಗ್ಗೆ ಅವರು ಯಾವತ್ತೂ ಗೊಣಗಲಿಲ್ಲ.

ಐತಣ್ಣ ಐದು ತಿಂಗಳು ಮಲಗಿದ. ಅಷ್ಟೂ ದಿನ ತಿಂಗಳಿಗೆ ಎರಡು ಸಲ ಕಂಪನಿಯ ಪರಿಹಾರ ಬಂತು. ಅದನ್ನು ಲೈನಿಗೆ ತಲುಪಿಸುವ ಕೆಲಸ ನನ್ನದು. ಅಷ್ಟು ಸಂತೋಷದಿಂದ ನಾನು ಬೇರೆ ಯಾವ ಕೆಲಸವನ್ನೂ ಮಾಡಿಲ್ಲ. ಮೊದಲನೆಯ ಸಲ ಹೋದಾಗ ಮೂರೂ ಹೆಣ್ಣುಮಕ್ಕಳು ಶಾಲೆಗೆ ಹೋಗಿದ್ದರು. ಕಮಲಕ್ಕ ಒಲೆಯ ಮುಂದೆ ಅನ್ನ ಬಸಿಯುತ್ತಿದ್ದಳು. ಕಾಲಿಗೆ ಪ್ಲಾಸ್ಟರು ಹಾಕಿಕೊಂಡು ಗೋಡೆಗೆ ಒರಗಿದ್ದ ಐತಣ್ಣ, “ಬನ್ನಿ ರೈಟ್ರೇ. ಮಲಗಿದವನಿಗೆ ಸಂಬಳ ಕೊಡುವ ತೋಟ ಇದೊಂದೇ” ಎಂದು ನಕ್ಕ.

ಒಂದು ವರ್ಷದಿಂದ ಕೇಳಬೇಕೆಂದಿದ್ದ ಮಾತನ್ನು ಅವತ್ತು ಕೇಳಿದೆ. “ಐತಣ್ಣ, ಅವತ್ತು ಇನ್‌ಸ್ಪೆಕ್ಟರ ಹತ್ರ ನೀವು ಯಾಕೆ ಸುಳ್ಳು ಹೇಳಿದ್ರಿ?”

ಅವನು ಇದೇನು ದೊಡ್ಡ ವಿಷಯ ಎಂಬಂತೆ ನನ್ನನ್ನು ನೋಡಿದ.

“ನಿಮ್ಮ ಮುಖ ನೋಡಿದೆ. ನಿಜ ಹೇಳಿದ್ರೆ ನಿಮ್ಮ ಕೆಲಸ ಹೋಗ್ತದೆ ಅಂತ ಗೊತ್ತಾಯ್ತು. ನಾನಾದ್ರೆ ಮರದವ, ಹೇಗೆ ಬೀಳ್ಬೇಕು ಅಂತ ಗೊತ್ತುಂಟು. ನಿಮಗೆ ಮರ ಹತ್ಲಿಕ್ಕೇ ಬರುದಿಲ್ಲ. ನಿಮ್ಮನ್ನು ಬೀಳ್ಲಿಕ್ಕೆ ಬಿಡ್ಲಿಕ್ಕೆ ಆಗ್ತದಾ?”

ಕಮಲಕ್ಕ ತಟ್ಟೆಗೆ ಬಿಸಿ ಅನ್ನ ಹಾಕಿ ನನ್ನ ಮುಂದೆ ಇಟ್ಟಳು. ಕಣ್ಣೀರು ತಟ್ಟೆಗೆ ಬೀಳದಂತೆ ನೋಡಿಕೊಳ್ಳುತ್ತ, ಆ ಮನೆಯಲ್ಲಿ ಕುಳಿತು ಹೊಟ್ಟೆ ತುಂಬ ಉಂಡೆ.